ಒಂದೇ ತಂತಿಯ ಬಡಾವಣೆ

ಮನುಷ್ಯನು ಊರು ಕಟ್ಟಿಕೊಂಡು ವಾಸಿಸತೊಡಗಿದ ಕಾಲದಿಂದ, ಅವನ ಮನೆಗೆ ಹೊರಗಿನಿಂದ ಬರಬೇಕಾದ ಸೌಕರ್ಯಗಳ ಸಂಖ್ಯೆ ಹೆಚ್ಚುತ್ತಲೇ ಬಂದಿದೆ. ಹಿಂದೆ ಹಿತ್ತಲಿನ ಬಾವಿಯೋ ಊರ ಕೆರೆಯೋ ನೀರು ಕೊಡುತ್ತಿತ್ತು. ಹರಳೆಣ್ಣೆಯ ದೀಪ ಬೆಳಕು ಕೊಡುತ್ತಿತ್ತು. ದೂರದ ಸುದ್ದಿ ಸಂತೆಯಿಂದ ಮರಳಿದವರ ಬಾಯಿಂದ ತಿಳಿಯುತ್ತಿತ್ತು. ಮೈಸೂರಿನಂತಹ ನಗರಗಳು ಬೆಳೆದಂತೆ ಈ ಏರ್ಪಾಡು ಬದಲಾಯಿತು. ಕೊಳಾಯಿಗಳಲ್ಲಿ ನೀರು ಹರಿದು ಮನೆಯೊಳಗೆ ಬಂದಿತು. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾಗತೊಡಗಿದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ತಲುಪಿತು. ಅದರ ಹಿಂದೆಯೇ ದೂರವಾಣಿಯ ತಂತಿ ಬಂದಿತು. ಇಂದು ಈ ಸಾಲಿಗೆ ಅಂತರಜಾಲವೂ ಸೇರಿದೆ.

ಅಂತರಜಾಲವು ಕೇವಲ ಮನರಂಜನೆಯ ಸಾಧನವಾಗಿ ಉಳಿದಿಲ್ಲ. ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವುದು, ಪರೀಕ್ಷೆಯ ಫಲಿತಾಂಶ ನೋಡುವುದು, ಸೇವಾ ಸಿಂಧುವಿನ ಮೂಲಕ ಸರ್ಕಾರದ ಸೇವೆಗಳನ್ನು ಕೋರುವುದು, ವಿದ್ಯುತ್ ಬಿಲ್ಲು ಕಟ್ಟುವುದು, ದೂರದ ಊರಿನಲ್ಲಿರುವ ಮಗನ ಮುಖ ನೋಡಿ ಮಾತನಾಡುವುದು, ಇವೆಲ್ಲವೂ ಅದರ ಮೂಲಕವೇ ನಡೆಯುತ್ತವೆ. 2020ರಲ್ಲಿ ಕೊರೋನಾ ಸಾಂಕ್ರಾಮಿಕವು ಶಾಲೆಗಳ ಬಾಗಿಲು ಮುಚ್ಚಿಸಿದಾಗ ಎಷ್ಟೋ ಮಕ್ಕಳಿಗೆ ಈ ತಂತಿಯೇ ಶಾಲೆಯ ದಾರಿಯಾಯಿತು. ಇಷ್ಟು ಮುಖ್ಯವಾದ ಸೌಕರ್ಯವು ನಮ್ಮ ಮನೆಗೆ ಹೇಗೆ ಬರುತ್ತದೆ, ಅದನ್ನು ತರುವವರು ಯಾರು, ಅವರು ಸರಿಯಾಗಿ ತರದಿದ್ದರೆ ನಮಗಿರುವ ದಾರಿ ಯಾವುದು ಎಂಬ ಪ್ರಶ್ನೆಗಳು ವಿಚಾರಕ್ಕೆ ಯೋಗ್ಯವಾದವು.

ಒಂದು ಬಡಾವಣೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ವರ್ತುಲ ರಸ್ತೆಯ ಆಚೆ ಖಾಸಗಿಯವರು ನಿರ್ಮಿಸಿದ ಬಡಾವಣೆ ಅದು. ಅಗಲವಾದ ರಸ್ತೆಗಳು, ಸಾಲುಮರಗಳು, ಉದ್ಯಾನ, ಹೆಬ್ಬಾಗಿಲಿನಲ್ಲಿ ಕಾವಲುಗಾರ. ಒಟ್ಟು ಇನ್ನೂರು ಮನೆಗಳು. ಜೀವಮಾನದ ಉಳಿತಾಯವನ್ನು ಹಾಕಿ ಅಲ್ಲಿ ಮನೆ ಕಟ್ಟಿಸಿಕೊಂಡ ಕುಟುಂಬವೊಂದು ಅಂತರಜಾಲದ ಸಂಪರ್ಕಕ್ಕಾಗಿ ವಿಚಾರಿಸುತ್ತದೆ. ನಗರದಲ್ಲಿ ನಾಲ್ಕಾರು ಸಂಸ್ಥೆಗಳಿದ್ದರೂ ಆ ಬಡಾವಣೆಯೊಳಗೆ ತಂತಿ ಎಳೆದಿರುವುದು ಒಂದೇ ಸಂಸ್ಥೆ. ಉಳಿದವರನ್ನು ಕೇಳಿದರೆ, “ನಿಮ್ಮ ಬಡಾವಣೆಗೆ ನಮ್ಮ ತಂತಿ ಬಂದಿಲ್ಲ” ಎಂಬ ಉತ್ತರ ಬರುತ್ತದೆ. ಸೇವೆ ಚೆನ್ನಾಗಿದ್ದಷ್ಟು ದಿನ ಚಿಂತೆಯಿಲ್ಲ. ಆದರೆ ಸಂಪರ್ಕವು ದಿನಕ್ಕೆ ಹತ್ತು ಬಾರಿ ಕಡಿದುಹೋದರೆ? ದೂರು ಕೊಟ್ಟು ವಾರವಾದರೂ ಯಾರೂ ಬಾರದಿದ್ದರೆ? ದರ ಇದ್ದಕ್ಕಿದ್ದಂತೆ ಏರಿದರೆ? ಮನೆಯನ್ನು ಬಿಟ್ಟು ಹೋಗಲಾಗದು. ತಂತಿಯನ್ನು ಬದಲಿಸಲೂ ಆಗದು.

ಒಂದು ಸರಕನ್ನಾಗಲಿ ಸೇವೆಯನ್ನಾಗಲಿ ಒಬ್ಬನೇ ಮಾರುವವನಿದ್ದು, ಕೊಳ್ಳುವವರಿಗೆ ಬೇರೆ ದಾರಿಯೇ ಇಲ್ಲದಿರುವ ಸ್ಥಿತಿಗೆ ಅರ್ಥಶಾಸ್ತ್ರದಲ್ಲಿ ಏಕಸ್ವಾಮ್ಯ ಎಂದು ಹೆಸರು. ಇಡೀ ದೇಶವನ್ನು ಆವರಿಸುವ ಏಕಸ್ವಾಮ್ಯವನ್ನು ನಾವು ಸುಲಭವಾಗಿ ಗುರುತಿಸುತ್ತೇವೆ. ಆದರೆ ದೇಶದಲ್ಲಿ ಹತ್ತಾರು ಸಂಸ್ಥೆಗಳು ಪೈಪೋಟಿ ನಡೆಸುತ್ತಿರುವಾಗಲೂ ಒಂದು ಬೀದಿಯೊಳಗೆ, ಒಂದು ವಸತಿ ಸಮುಚ್ಚಯದೊಳಗೆ ಏಕಸ್ವಾಮ್ಯ ಇರಬಲ್ಲದು. ಅಂಕಿಅಂಶಗಳಲ್ಲಿ ಅದು ಕಾಣುವುದಿಲ್ಲ. ಅಲ್ಲಿ ವಾಸಿಸುವವರಿಗೆ ಮಾತ್ರ ತಿಳಿಯುತ್ತದೆ.

ಇದರ ತೊಂದರೆ ಏನೆಂಬುದನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋಗಿ ಬಂದವರು ಬೇಗ ಅರಿಯಬಲ್ಲರು. ಅಲ್ಲಿ ಮಲ್ಲಿಗೆ ಮಾರುವವರು ಒಬ್ಬರಲ್ಲ. ಒಂದು ಅಂಗಡಿಯ ಹೂವು ಬಾಡಿದ್ದರೆ ಮುಂದಿನ ಅಂಗಡಿಗೆ ನಾಲ್ಕು ಹೆಜ್ಜೆ ನಡೆದರೆ ಸಾಕು. ಹೀಗೆ ನಡೆದುಹೋಗುವ ಸ್ವಾತಂತ್ರ್ಯ ಕೊಳ್ಳುವವರಿಗಿದೆ ಎಂಬ ಅರಿವೇ ಮಾರುವವರು ಬೆಳಗಿನ ಹೂವಿಗೆ ನೀರು ಚಿಮುಕಿಸಿ ತಾಜಾ ಇಡುವಂತೆ ಮಾಡುತ್ತದೆ. ಮಾರುಕಟ್ಟೆಯ ಕಟ್ಟಡ ನಗರದ್ದು. ಅದರ ಓಣಿಗಳು ಎಲ್ಲರವು. ಅಂಗಡಿಗಳು ಬೇರೆ ಬೇರೆಯವರವು. ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಇಡೀ ಮಾರುಕಟ್ಟೆಯ ಬಾಗಿಲಿನ ಬೀಗದ ಕೈ ಒಬ್ಬನೇ ಅಂಗಡಿಯವನ ಬಳಿ ಇದ್ದರೆ ಏನಾಗುತ್ತಿತ್ತು? ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆ ಇಂತಹ ಸ್ಥಿತಿಗೆ ಸರಿಯಾಗಿ ಒಪ್ಪುತ್ತದೆ. ಅವನು ಕೆಟ್ಟವನಾಗಿರಬೇಕೆಂದಿಲ್ಲ; ಒಳ್ಳೆಯವನಾಗಿರಲೇಬೇಕಾದ ಒತ್ತಾಯ ಅವನಿಗಿಲ್ಲ, ಅಷ್ಟೇ.

ಈ ಸ್ಥಿತಿ ಏಕೆ ಉಂಟಾಗುತ್ತದೆ ಎಂಬುದನ್ನು ತಿಳಿಯಲು ಅಂತರಜಾಲದ ತಂತಿಯ ಸ್ವರೂಪವನ್ನು ಸ್ವಲ್ಪ ಅರಿಯಬೇಕು. ನಾವು ಮಾತಿಗೆ ತಂತಿ ಎನ್ನುತ್ತೇವಾದರೂ ಇಂದಿನ ಸಂಪರ್ಕಗಳಲ್ಲಿ ಬಹುಪಾಲು ಲೋಹದ ತಂತಿಗಳಲ್ಲ. ಅವು ಗಾಜಿನ ಎಳೆಗಳು. ಕನ್ನಡದಲ್ಲಿ ಇವನ್ನು ದ್ಯುತಿತಂತು ಎನ್ನುತ್ತಾರೆ. ಆಪ್ಟಿಕಲ್ ಫೈಬರ್ ಎಂಬ ಹೆಸರೂ ಬಳಕೆಯಲ್ಲಿದೆ. ಒಂದು ಎಳೆಯ ದಪ್ಪ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಒಂದು ತುದಿಯಲ್ಲಿ ಬೆಳಕನ್ನು ಅತಿ ವೇಗವಾಗಿ ಮಿನುಗಿಸಿದರೆ ಆ ಮಿನುಗುಗಳು ಗಾಜಿನ ಒಳಗೋಡೆಗೆ ತಾಗಿ ಪ್ರತಿಫಲಿಸುತ್ತ, ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ವೇಗದಲ್ಲಿ ಇನ್ನೊಂದು ತುದಿಗೆ ಸಾಗುತ್ತವೆ. ಅಕ್ಷರ, ಚಿತ್ರ, ಧ್ವನಿ ಎಲ್ಲವೂ ಈ ಮಿನುಗುಗಳ ಲಿಪಿಯಲ್ಲಿ ಬರೆಯಲ್ಪಟ್ಟು ಹರಿಯುತ್ತವೆ.

ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರಗಳನ್ನು ಸಾಗಿಸಬಹುದೆಂದು 1954ರಲ್ಲಿ ತೋರಿಸಿಕೊಟ್ಟವರಲ್ಲಿ ಪಂಜಾಬಿನಲ್ಲಿ ಜನಿಸಿದ ವಿಜ್ಞಾನಿ ನರೀಂದರ್ ಸಿಂಗ್ ಕಪಾನಿಯವರು ಒಬ್ಬರು. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಬೆಳಕು ಬಹುದೂರ ಸಾಗಬಲ್ಲದೆಂದು 1966ರಲ್ಲಿ ಪ್ರತಿಪಾದಿಸಿದ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದು ಒಂದೇ ಎಳೆಯ ಬೆಳಕನ್ನು ಕವಲೊಡೆಸಿ ಮೂವತ್ತೆರಡು ಮನೆಗಳಿಗೆ ಹಂಚುವುದು ಸಾಮಾನ್ಯವಾಗಿದೆ. ಹೆಬ್ಬೆರಳಿನಷ್ಟು ದಪ್ಪವಿಲ್ಲದ ಒಂದು ಕೇಬಲ್ಲಿನೊಳಗೆ ಇಂತಹ ನಲವತ್ತೆಂಟು ಅಥವಾ ತೊಂಬತ್ತಾರು ಎಳೆಗಳು ಇರಬಲ್ಲವು. ಅಂದಮೇಲೆ ಇಡೀ ಬಡಾವಣೆಗೆ ನಾಲ್ಕು ಸಂಸ್ಥೆಗಳು ಸೇವೆ ಒದಗಿಸಲು ಬೇಕಾಗುವ ಸ್ಥಳ ಅತ್ಯಲ್ಪ. ಇಕ್ಕಟ್ಟು ಇರುವುದು ಗಾಜಿನ ಎಳೆಯಲ್ಲಿ ಅಲ್ಲ, ಅದನ್ನು ಹಾಕಬೇಕಾದ ನೆಲದಲ್ಲಿ.

ಎಳೆಯ ಬೆಲೆ ಕಡಿಮೆ. ಅದನ್ನು ಮನೆಯವರೆಗೆ ಒಯ್ಯುವ ಖರ್ಚು ಹೆಚ್ಚು. ರಸ್ತೆ ಅಗೆಯಬೇಕು, ಅದಕ್ಕೆ ಅನುಮತಿ ಪಡೆಯಬೇಕು, ಕೊಳವೆ ಹುಗಿಯಬೇಕು, ನೀರಿನ ಕೊಳಾಯಿಗೂ ವಿದ್ಯುತ್ ಕೇಬಲ್ಲಿಗೂ ಪೆಟ್ಟಾಗದಂತೆ ನೋಡಿಕೊಳ್ಳಬೇಕು, ಅಗೆದ ರಸ್ತೆಯನ್ನು ಮತ್ತೆ ಮುಚ್ಚಬೇಕು. ಲೆಕ್ಕಕ್ಕಾಗಿ ಈ ಕೆಲಸಕ್ಕೆಲ್ಲ ಹತ್ತು ಲಕ್ಷ ರೂಪಾಯಿ ಖರ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ಮೊದಲು ಬಂದ ಸಂಸ್ಥೆಗೆ ಇನ್ನೂರು ಮನೆಗಳೂ ಸಿಕ್ಕರೆ ಮನೆಯೊಂದಕ್ಕೆ ಬೀಳುವ ಖರ್ಚು ಐದು ಸಾವಿರ. ಎರಡನೆಯ ಸಂಸ್ಥೆ ಬಂದು ಮತ್ತೆ ಹತ್ತು ಲಕ್ಷ ಖರ್ಚುಮಾಡಿ ನಲವತ್ತು ಮನೆಗಳನ್ನು ಮಾತ್ರ ಗಳಿಸಿದರೆ ಅದಕ್ಕೆ ಮನೆಯೊಂದಕ್ಕೆ ಬೀಳುವ ಖರ್ಚು ಇಪ್ಪತ್ತೈದು ಸಾವಿರ. ಈ ಲೆಕ್ಕವನ್ನು ನೋಡಿದ ಎರಡನೆಯ ಸಂಸ್ಥೆ ಹಿಂದೆ ಸರಿಯುತ್ತದೆ. ಯಾವ ಒಳಸಂಚೂ ಇಲ್ಲದೆ, ಕೇವಲ ಗಣಿತದ ಬಲದಿಂದಲೇ ಏಕಸ್ವಾಮ್ಯ ಹುಟ್ಟುವ ಬಗೆ ಇದು.

ಎರಡನೆಯ ಕಾರಣ ಒಪ್ಪಂದ. ಬಡಾವಣೆ ನಿರ್ಮಿಸುವವರೋ ನಿವಾಸಿಗಳ ಸಂಘದವರೋ ಒಂದು ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು, ಬೇರೆಯವರನ್ನು ಒಳಗೆ ಬಿಡುವುದಿಲ್ಲವೆಂದು ಮಾತು ಕೊಡಬಹುದು. ಅದಕ್ಕೆ ಪ್ರತಿಯಾಗಿ ಆ ಸಂಸ್ಥೆ ಸಂಘಕ್ಕೆ ಒಂದಿಷ್ಟು ಹಣವನ್ನೋ, ಉಚಿತ ಸಂಪರ್ಕವನ್ನೋ ಕೊಡಬಹುದು. ಮನೆ ಕೊಳ್ಳುವವನಿಗೆ ಈ ಒಪ್ಪಂದದ ಸುಳಿವೂ ಇರುವುದಿಲ್ಲ. ಮೂರನೆಯ ಕಾರಣ ನೆಲದ ಒಡೆತನ. ಖಾಸಗಿ ಬಡಾವಣೆಯ ರಸ್ತೆಗಳು ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗುವವರೆಗೆ ಅವುಗಳ ನಿರ್ವಹಣೆ ಬಡಾವಣೆ ನಿರ್ಮಿಸಿದವರ ಕೈಯಲ್ಲಿರುತ್ತದೆ. ಅಲ್ಲಿ ಯಾರು ಅಗೆಯಬಹುದು, ಯಾರು ಅಗೆಯಬಾರದು ಎಂಬುದನ್ನು ಅವರೇ ನಿರ್ಧರಿಸುವ ಸ್ಥಿತಿ ಉಂಟಾಗುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಒಂದು ಪ್ರಶ್ನೆ ಕೇಳಬಹುದು: “ನಮ್ಮ ಮನೆಗೆ ನೀರಿನ ಕೊಳಾಯಿ ಒಂದೇ, ವಿದ್ಯುತ್ತಿನ ತಂತಿಯೂ ಒಂದೇ. ಅವುಗಳ ವಿಷಯದಲ್ಲಿ ಇಲ್ಲದ ಚಿಂತೆ ಅಂತರಜಾಲದ ವಿಷಯದಲ್ಲಿ ಏಕೆ?” ಪ್ರಶ್ನೆ ನ್ಯಾಯವಾದದ್ದೇ. ಒಂದೇ ಬೀದಿಯಲ್ಲಿ ನಾಲ್ಕು ಸಂಸ್ಥೆಗಳು ನಾಲ್ಕು ನೀರಿನ ಕೊಳಾಯಿಗಳನ್ನು ಹುಗಿಯುವುದು ಅಪವ್ಯಯ. ಇಂತಹ ಕಡೆ ಏಕಸ್ವಾಮ್ಯವು ಸಹಜವೆಂದೇ ಅರ್ಥಶಾಸ್ತ್ರಜ್ಞರು ಒಪ್ಪುತ್ತಾರೆ. ಆದರೆ ಹಾಗೆ ಒಪ್ಪುವಾಗ ಸಮಾಜವು ಒಂದು ಷರತ್ತನ್ನು ಹಾಕುತ್ತದೆ. ಒಬ್ಬನೇ ಮಾರುವವನಿದ್ದರೆ ಅವನು ಸಾರ್ವಜನಿಕರಿಗೆ ಉತ್ತರ ಹೇಳಬೇಕು ಎಂಬುದೇ ಆ ಷರತ್ತು.

ಮೈಸೂರಿಗೆ ವಿದ್ಯುತ್ ಒದಗಿಸುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವು ಇದಕ್ಕೆ ಉದಾಹರಣೆ. 2005ರಲ್ಲಿ ಕಾರ್ಯಾರಂಭ ಮಾಡಿದ ಈ ನಿಗಮವು ಮೈಸೂರು, ಚಾಮರಾಜನಗರ, ಮಂಡ್ಯ, ಹಾಸನ ಮತ್ತು ಕೊಡಗು ಜಿಲ್ಲೆಗಳಿಗೆ ವಿದ್ಯುತ್ ಹಂಚುತ್ತದೆ. ಅದು ತನಗೆ ತೋಚಿದಂತೆ ದರ ಏರಿಸಲಾಗದು. 1999ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಒಪ್ಪಿಸಬೇಕು. ಆಯೋಗವು ಸಾರ್ವಜನಿಕರ ಅಹವಾಲನ್ನು ಕೇಳಿ, ಆಮೇಲೆ ದರವನ್ನು ನಿಗದಿಮಾಡುತ್ತದೆ. ಸಾಮಾನ್ಯ ಗ್ರಾಹಕನೂ ಆಕ್ಷೇಪಣೆ ಸಲ್ಲಿಸಬಹುದು. ಬಡಾವಣೆಯ ಅಂತರಜಾಲದ ದರಕ್ಕಾದರೋ ಇಂತಹ ವಿಚಾರಣೆ ಇಲ್ಲ. ಸಂಸ್ಥೆಗಳ ನಡುವಿನ ಪೈಪೋಟಿಯೇ ದರವನ್ನು ಹತೋಟಿಯಲ್ಲಿಡುತ್ತದೆ ಎಂಬ ನಂಬಿಕೆಯ ಮೇಲೆ ಆ ವ್ಯವಸ್ಥೆ ನಿಂತಿದೆ. ಪೈಪೋಟಿಯೇ ಇಲ್ಲದ ಬಡಾವಣೆಯಲ್ಲಿ ಆ ಕಾವಲೂ ಇಲ್ಲ, ಆಯೋಗದ ಕಾವಲೂ ಇಲ್ಲ. ತೊಂದರೆಯ ಬೇರು ಇರುವುದು ಇಲ್ಲಿಯೇ.

ಏಕಸ್ವಾಮ್ಯದ ಅನುಭವ ನಮ್ಮ ದೇಶಕ್ಕೆ ಹೊಸದಲ್ಲ. 1885ರ ಭಾರತೀಯ ತಂತಿ ಕಾಯ್ದೆಯು ತಂತಿ ಸಂಪರ್ಕವನ್ನು ಸ್ಥಾಪಿಸಿ ನಡೆಸುವ ಏಕಮಾತ್ರ ಹಕ್ಕನ್ನು ಸರ್ಕಾರಕ್ಕೆ ನೀಡಿತ್ತು. ಸ್ವಾತಂತ್ರ್ಯಾನಂತರವೂ ಬಹುಕಾಲ ದೂರವಾಣಿ ಕೊಡುವವರು ಸರ್ಕಾರದ ಇಲಾಖೆಯೊಂದೇ ಆಗಿದ್ದರು. 1991ರಲ್ಲಿ ಸುಮಾರು 84 ಕೋಟಿ ಜನರಿದ್ದ ದೇಶದಲ್ಲಿ ಇದ್ದ ದೂರವಾಣಿಗಳು ಸುಮಾರು 50 ಲಕ್ಷ. ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ಸಾಮಾನ್ಯವಾಗಿತ್ತು. ಮನೆಗೆ ದೂರವಾಣಿ ಬಂದ ದಿನ ನೆರೆಹೊರೆಯವರಿಗೆ ಸಿಹಿ ಹಂಚುತ್ತಿದ್ದರು. ಆ ಇಲಾಖೆಯ ನೌಕರರು ದೂರದ ಹಳ್ಳಿಗಳಿಗೂ ಕಂಬ ನೆಟ್ಟು ತಂತಿ ಎಳೆದ ಸೇವೆಯನ್ನು ಮರೆಯುವಂತಿಲ್ಲ. ಆದರೆ ಕಾಯುವವನಿಗೆ ಬೇರೆ ದಾರಿ ಇರಲಿಲ್ಲವೆಂಬುದೂ ಅಷ್ಟೇ ಸತ್ಯ.

ಸಾರ್ವಜನಿಕರಿಗೆ ಅಂತರಜಾಲವು ದೊರೆತದ್ದು 1995ರ ಆಗಸ್ಟ್ 15ರಂದು. ಅದನ್ನು ಒದಗಿಸಿದ ವಿದೇಶ ಸಂಚಾರ ನಿಗಮವೂ ಆಗ ಒಂದೇ ಮಾರಾಟಗಾರ. 1997ರಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಸ್ಥಾಪನೆಯಾಯಿತು. ಇದನ್ನು ಟ್ರಾಯ್ ಎಂದು ಕರೆಯುವುದು ರೂಢಿ. 1998ರಲ್ಲಿ ಖಾಸಗಿ ಸಂಸ್ಥೆಗಳೂ ಅಂತರಜಾಲ ಸೇವೆ ನೀಡಲು ಅವಕಾಶವಾಯಿತು. ದೇಶದ ಮಟ್ಟದಲ್ಲಿ ಏಕಸ್ವಾಮ್ಯ ಹೀಗೆ ಕೊನೆಗೊಂಡಿತು. ದೊಡ್ಡ ಬಾಗಿಲಿನಿಂದ ಹೊರಹೋದ ಆ ಏಕಸ್ವಾಮ್ಯವೇ ಬಡಾವಣೆಯ ಗೇಟಿನ ಮೂಲಕ ಮತ್ತೆ ಒಳಗೆ ಬರುವುದುಂಟು.

2011ರ ಜನವರಿಯಲ್ಲಿ ದೇಶದಾದ್ಯಂತ ಜಾರಿಗೆ ಬಂದ ಒಂದು ಸುಧಾರಣೆಯನ್ನು ಇದರೊಡನೆ ಹೋಲಿಸಬಹುದು. ಮೊಬೈಲ್ ಬಳಸುವವರು ತಮ್ಮ ಸಂಖ್ಯೆಯನ್ನು ಬದಲಿಸದೆಯೇ ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಹೋಗುವ ಹಕ್ಕನ್ನು ಅಂದು ಪಡೆದರು. ಎಲ್ಲರೂ ಈ ಹಕ್ಕನ್ನು ಬಳಸುವುದಿಲ್ಲ. ಆದರೂ ಅದು ಇದೆಯೆಂಬ ಕಾರಣಕ್ಕೆ ಸಂಸ್ಥೆಗಳು ಎಚ್ಚರದಿಂದಿರುತ್ತವೆ. ಬಿಟ್ಟುಹೋಗದವರಿಗೂ ಬಿಟ್ಟುಹೋಗಬಲ್ಲ ಹಕ್ಕಿನಿಂದ ಲಾಭವಿದೆ. ಮನೆಗೆ ಬರುವ ತಂತಿಯ ವಿಷಯದಲ್ಲಿ ಇದು ಸಾಧ್ಯವಿಲ್ಲ. ಸಂಖ್ಯೆಯನ್ನು ಜೊತೆಯಲ್ಲಿ ಕೊಂಡೊಯ್ಯಬಹುದು. ನೆಲದಲ್ಲಿ ಹುಗಿದ ತಂತಿಯನ್ನು ಕೊಂಡೊಯ್ಯಲಾಗದು.

“ಮೊಬೈಲ್ ಇರುವಾಗ ತಂತಿಯ ಗೊಡವೆ ಏಕೆ?” ಎಂದು ಕೆಲವರು ಕೇಳುತ್ತಾರೆ. ಮೊಬೈಲ್ ಗೋಪುರದಿಂದ ಬರುವ ಅಲೆಗಳನ್ನು ಸುತ್ತಮುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಸಂಜೆಯ ಹೊತ್ತು ಎಲ್ಲರೂ ಬಳಸತೊಡಗಿದಾಗ ಪ್ರತಿಯೊಬ್ಬರ ಪಾಲು ಕುಗ್ಗುತ್ತದೆ. ಕಾಂಕ್ರೀಟಿನ ಗೋಡೆಗಳು ಅಲೆಗಳನ್ನು ತಡೆಯುತ್ತವೆ. ಇಬ್ಬರು ಮಕ್ಕಳು ಪಾಠ ಕೇಳುತ್ತಿರುವಾಗಲೇ ತಾಯಿ ಮನೆಯಿಂದ ಕಚೇರಿಯ ಕೆಲಸ ಮಾಡಬೇಕಾದ ಸಂಸಾರಕ್ಕೆ ಗಾಜಿನ ಎಳೆಯಷ್ಟು ಭರವಸೆಯನ್ನು ಗಾಳಿಯ ಅಲೆ ಕೊಡಲಾರದು. ಕಷ್ಟಕಾಲದಲ್ಲಿ ಅದು ಊರುಗೋಲಾಗಬಹುದು, ಕಾಲಿಗೆ ಬದಲಾಗಲಾರದು.

ನೆರೆಯ ಕೇರಳದ ಉಚ್ಚ ನ್ಯಾಯಾಲಯವು 2019ರಲ್ಲಿ, ವಿದ್ಯಾರ್ಥಿನಿಲಯವೊಂದರಲ್ಲಿ ಮೊಬೈಲ್ ಬಳಕೆಗೆ ಹಾಕಿದ್ದ ನಿರ್ಬಂಧವನ್ನು ಪ್ರಶ್ನಿಸಿದ ವಿದ್ಯಾರ್ಥಿನಿಯ ಮೊಕದ್ದಮೆಯಲ್ಲಿ, ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಒಂದು ಭಾಗವೆಂದು ಹೇಳಿತು. ಆ ಮೊಕದ್ದಮೆಯ ಸಂದರ್ಭ ಬೇರೆಯಾದರೂ ಅದರ ಹಿಂದಿನ ವಿಚಾರ ಇಲ್ಲಿಗೂ ಅನ್ವಯಿಸುತ್ತದೆ. ಪಾಠದ ನಡುವೆ ಪರದೆ ನಿಂತುಹೋದ ಹುಡುಗಿಗೆ ಆಗುವ ನಷ್ಟ ಬಿಲ್ಲಿನ ಮೊತ್ತದಿಂದ ಅಳೆಯತಕ್ಕದ್ದಲ್ಲ.

ಬೇರೆ ದೇಶಗಳೂ ಈ ತೊಡಕನ್ನು ಎದುರಿಸಿವೆ. ಅಮೆರಿಕ ಸಂಯುಕ್ತ ಸಂಸ್ಥಾನದ ಸಂಪರ್ಕ ಆಯೋಗವು 2007ರಲ್ಲಿ, ವಸತಿ ಕಟ್ಟಡಗಳಿಗೆ ತಾನೊಬ್ಬನೇ ಸೇವೆ ನೀಡುವೆನೆಂದು ಕೇಬಲ್ ದೂರದರ್ಶನದ ಸಂಸ್ಥೆಗಳು ಮಾಡಿಕೊಳ್ಳುತ್ತಿದ್ದ ಒಪ್ಪಂದಗಳನ್ನು ನಿಷೇಧಿಸಿತು. ಮರುವರ್ಷ ಆ ನಿಷೇಧವನ್ನು ದೂರಸಂಪರ್ಕ ಸಂಸ್ಥೆಗಳಿಗೂ ವಿಸ್ತರಿಸಿತು. ಆದರೂ ಏಕಸ್ವಾಮ್ಯ ಪೂರ್ಣವಾಗಿ ಅಳಿಯಲಿಲ್ಲ. ಸಂಸ್ಥೆಗಳು ಕಟ್ಟಡದ ಮಾಲೀಕರಿಗೆ ಆದಾಯದಲ್ಲಿ ಪಾಲು ಕೊಡತೊಡಗಿದವು. ಕಟ್ಟಡದೊಳಗಿನ ತಂತಿಗಳನ್ನು ತಾವೇ ಗುತ್ತಿಗೆಗೆ ಪಡೆದು ಬೇರೆಯವರಿಗೆ ಸಿಗದಂತೆ ಮಾಡಿದವು. ಇಂತಹ ಉಪಾಯಗಳಿಗೂ ತಡೆ ಹಾಕಲು 2022ರಲ್ಲಿ ಆಯೋಗವು ಹೊಸ ನಿಯಮಗಳನ್ನು ಮಾಡಬೇಕಾಯಿತು. ಕಾಗದದ ಮೇಲೆ ಬಾಗಿಲು ತೆರೆದರೆ ಸಾಲದು, ಒಳಗಿನ ದಾರಿಯೂ ತೆರೆದಿರಬೇಕು ಎಂಬ ಪಾಠ ಇದರಲ್ಲಿದೆ.

ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮ್ ಇನ್ನೊಂದು ಮಾರ್ಗವನ್ನು ಹಿಡಿಯಿತು. 1994ರಲ್ಲಿ ಆ ನಗರವು ಸ್ಟೋಕಾಬ್ ಎಂಬ ತನ್ನದೇ ಸಂಸ್ಥೆಯನ್ನು ಸ್ಥಾಪಿಸಿತು. ಅದು ನಗರದ ನೆಲದಡಿ ಗಾಜಿನ ಎಳೆಗಳ ಜಾಲವನ್ನು ಹಾಕುತ್ತದೆ. ತಾನು ಮನೆಗಳಿಗೆ ಅಂತರಜಾಲವನ್ನು ಮಾರುವುದಿಲ್ಲ. ಬಯಸಿದ ಸೇವಾಸಂಸ್ಥೆಗಳಿಗೆಲ್ಲ ಸಮಾನವಾದ ಷರತ್ತುಗಳ ಮೇಲೆ ಎಳೆಗಳನ್ನು ಬಾಡಿಗೆಗೆ ಕೊಡುತ್ತದೆ. ರಸ್ತೆಯನ್ನು ಒಮ್ಮೆ ಅಗೆದರೆ ಸಾಕು. ಹಲವರು ಅದರ ಮೇಲೆ ವ್ಯಾಪಾರ ಮಾಡಬಹುದು. ದೇವರಾಜ ಮಾರುಕಟ್ಟೆಯ ನೀತಿಯೇ ಇಲ್ಲಿ ನೆಲದಡಿಯಲ್ಲಿ ನಡೆಯುತ್ತಿದೆ: ಕಟ್ಟಡ ನಗರದ್ದು, ಅಂಗಡಿ ಹಲವರದು.

ನಮ್ಮ ದೇಶದಲ್ಲಿಯೂ ಈ ದಿಕ್ಕಿನಲ್ಲಿ ಹೆಜ್ಜೆಗಳನ್ನಿಡಲಾಗಿದೆ. ವಸತಿ ಮತ್ತು ವಾಣಿಜ್ಯ ಕಟ್ಟಡಗಳೊಳಗೆ ಎಲ್ಲ ಸೇವಾಸಂಸ್ಥೆಗಳಿಗೂ ತಾರತಮ್ಯವಿಲ್ಲದೆ ಪ್ರವೇಶ ದೊರೆಯಬೇಕೆಂದು ಟ್ರಾಯ್ 2017ರ ಜನವರಿಯಲ್ಲಿ ಶಿಫಾರಸು ಮಾಡಿತು. 2023ರ ದೂರಸಂಪರ್ಕ ಕಾಯ್ದೆಯು ಮೂಲಸೌಕರ್ಯದ ಯೋಜನೆಗಳಲ್ಲಿ ಸಾಮಾನ್ಯ ಕೊಳವೆಮಾರ್ಗಗಳನ್ನು ನಿರ್ಮಿಸಿ, ಅವುಗಳನ್ನು ಎಲ್ಲರಿಗೂ ಮುಕ್ತವಾಗಿಡುವ ಕಲ್ಪನೆಗೆ ಸ್ಥಾನ ಕೊಟ್ಟಿದೆ. 2024ರ ಅಕ್ಟೋಬರ್‌ನಲ್ಲಿ ಟ್ರಾಯ್ ಹೊರಡಿಸಿದ ನಿಯಮಗಳ ಪ್ರಕಾರ, ಕಟ್ಟಡ ಅಥವಾ ಬಡಾವಣೆಯ ನಿರ್ವಾಹಕರು ಬಯಸಿದರೆ ತಮ್ಮಲ್ಲಿನ ಸಂಪರ್ಕ ವ್ಯವಸ್ಥೆಯನ್ನು ಪರೀಕ್ಷೆಗೆ ಒಳಪಡಿಸಿ ಶ್ರೇಣಿ ಪಡೆಯಬಹುದು. ಮನೆ ಕೊಳ್ಳುವವನು ನೀರು, ಗಾಳಿ, ಬೆಳಕುಗಳನ್ನು ವಿಚಾರಿಸುವಂತೆ ಇದನ್ನೂ ವಿಚಾರಿಸಲಿ ಎಂಬುದು ಇದರ ಆಶಯ.

ಇವೆಲ್ಲ ಹೊಸ ಕಾಲದ ಮಾತುಗಳೆನಿಸಬಹುದು. ಆದರೆ ಇದರ ತಿರುಳನ್ನು ಮೈಸೂರು ನಗರವು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಅರಿತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ಲೇಗು ರೋಗವು ಮೈಸೂರು ಸಂಸ್ಥಾನವನ್ನು ಕಾಡಿತು. ಇಕ್ಕಟ್ಟಾದ ಕೇರಿಗಳಲ್ಲಿ ಸಾವು ಹೆಚ್ಚಾಗಿದ್ದುದನ್ನು ಕಂಡ ಆಡಳಿತವು ನಗರವನ್ನು ಕ್ರಮಬದ್ಧವಾಗಿ ಬೆಳೆಸಲು ನಿಶ್ಚಯಿಸಿ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಲಿಯನ್ನು ಸ್ಥಾಪಿಸಿತು. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಓಡಾಡಿದವರು ಒಂದು ವಿಶೇಷವನ್ನು ಗಮನಿಸಿರಬಹುದು. ಮನೆಗಳ ಮುಂದೆ ರಸ್ತೆಯಿರುವಂತೆಯೇ ಹಿಂದೆಯೂ ಎರಡು ಸಾಲು ಮನೆಗಳ ನಡುವೆ ಕಿರಿದಾದ ಓಣಿಯಿದೆ. ಕನ್ಸರ್ವೆನ್ಸಿ ಓಣಿ ಎಂದು ಅದಕ್ಕೆ ಹೆಸರು. ಅದು ಯಾವ ಮನೆಗೂ ಸೇರಿದ್ದಲ್ಲ; ಎಲ್ಲ ಮನೆಗಳಿಗೂ ಬೇಕಾದದ್ದು.

ನಗರದ ನೈರ್ಮಲ್ಯದ ಕೆಲಸಕ್ಕಾಗಿ ಈ ಓಣಿಗಳನ್ನು ಬಿಟ್ಟಿದ್ದರು. ಮನುಷ್ಯನಿಂದ ಮಲ ಹೊರಿಸುವ ಅಮಾನುಷ ಪದ್ಧತಿ ಅಂದು ಆ ದಾರಿಯಲ್ಲಿಯೇ ನಡೆಯುತ್ತಿತ್ತು. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರ ದಿಟ್ಟತನದಿಂದ ಆ ಪದ್ಧತಿಗೆ ಕರ್ನಾಟಕದಲ್ಲಿ ನಿಷೇಧ ಬಂದಿತು. ಪದ್ಧತಿ ಹೋದರೂ ಓಣಿ ನಿರುಪಯುಕ್ತವಾಗಲಿಲ್ಲ. ಅದೇ ಜಾಗದಲ್ಲಿ ಒಳಚರಂಡಿಯ ಕೊಳವೆಗಳು ಸಾಗಿದವು. ಕೆಲಸ ಬದಲಾಯಿತು, ಕೆಲಸಮಾಡುವ ರೀತಿ ಬದಲಾಯಿತು, ದಾರಿ ಮಾತ್ರ ಉಳಿಯಿತು. ಸಾಮಾನ್ಯವಾದ ದಾರಿಯೊಂದನ್ನು ಕಾದಿಟ್ಟುಕೊಂಡ ನಗರವು, ಅದನ್ನು ಬಿಟ್ಟವರಿಗೆ ಗೊತ್ತೇ ಇರದಿದ್ದ ಅಗತ್ಯಗಳನ್ನೂ ಮುಂದೆ ಪೂರೈಸಿಕೊಳ್ಳಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಅಂತೆಯೇ, ಎಲ್ಲೆಲ್ಲಿ ಈ ಓಣಿಗಳನ್ನು ಒತ್ತುವರಿಮಾಡಿ ಗೋಡೆ ಕಟ್ಟಿದ್ದಾರೆಯೋ ಅಲ್ಲಲ್ಲಿ ಕಟ್ಟಿಕೊಂಡ ಚರಂಡಿಯನ್ನು ಬಿಡಿಸಲು ಪೌರಕಾರ್ಮಿಕರು ಪಡುವ ಪಾಡು ಅಷ್ಟಿಷ್ಟಲ್ಲ. ಬಡಾವಣೆಯ ನೆಲದಡಿಯ ಕೊಳವೆಗೆ ಒಂದೇ ಸಂಸ್ಥೆ ಬೀಗ ಹಾಕುವುದು ಓಣಿಗೆ ಗೋಡೆ ಕಟ್ಟಿದಂತೆಯೇ ಸರಿ.

ಹಾಗಾದರೆ ಹೊಸ ಬಡಾವಣೆಯಲ್ಲಿ ಆಗಬೇಕಾದುದೇನು? ರಸ್ತೆ ಹಾಕುವ ಮೊದಲೇ ನೀರು, ಚರಂಡಿ, ವಿದ್ಯುತ್ತುಗಳ ಜೊತೆಗೆ ಸಂಪರ್ಕದ ಎಳೆಗಳಿಗಾಗಿ ಒಂದು ಸಾಮಾನ್ಯ ಕೊಳವೆಮಾರ್ಗವನ್ನು ಹುಗಿಯಬೇಕು. ಆಗ ಅದಕ್ಕೆ ತಗಲುವ ವೆಚ್ಚ ಅಲ್ಪ. ರಸ್ತೆಗೆ ಡಾಂಬರು ಹಾಕಿದ ಮೇಲೆ ಅದೇ ಕೆಲಸಕ್ಕೆ ಹಲವು ಪಟ್ಟು ಖರ್ಚು. ಆ ಕೊಳವೆ ಬಡಾವಣೆಯ ಸಾರ್ವಜನಿಕ ಆಸ್ತಿಯಾಗಿರಬೇಕು. ನ್ಯಾಯವಾದ ಬಾಡಿಗೆ ಕೊಟ್ಟ ಯಾವ ಸಂಸ್ಥೆಯಾದರೂ ಅದರಲ್ಲಿ ತನ್ನ ಎಳೆಯನ್ನು ಹಾಯಿಸುವಂತಿರಬೇಕು. ಆಗ ಎರಡನೆಯ ಸಂಸ್ಥೆ ಹತ್ತು ಲಕ್ಷದ ಲೆಕ್ಕ ನೋಡಿ ಹಿಂದೆ ಸರಿಯಬೇಕಾಗುವುದಿಲ್ಲ.

ಈಗಾಗಲೇ ಒಂದೇ ತಂತಿಗೆ ಕಟ್ಟುಬಿದ್ದಿರುವ ಬಡಾವಣೆಗಳ ನಿವಾಸಿಗಳೂ ಕೈಕಟ್ಟಿ ಕೂರಬೇಕಾಗಿಲ್ಲ. ಸಂಘವು ಮಾಡಿಕೊಂಡ ಒಪ್ಪಂದವನ್ನು ಸದಸ್ಯರೆಲ್ಲರೂ ಓದಿ ನೋಡುವುದು ಮೊದಲ ಕೆಲಸ. ಅದರ ಅವಧಿ ಎಷ್ಟು, ಬೇರೆಯವರನ್ನು ತಡೆಯುವ ಮಾತು ಅದರಲ್ಲಿದೆಯೇ, ಕೊಳವೆ ಯಾರದು, ಸಂಘಕ್ಕೆ ಹಣ ಸಂದಿದ್ದರೆ ಎಷ್ಟು ಎಂಬುದು ಎಲ್ಲರಿಗೂ ತಿಳಿದಿರಬೇಕು. ಮೊದಲು ಬಂಡವಾಳ ಹಾಕಿದ ಸಂಸ್ಥೆಗೂ ನ್ಯಾಯ ಸಲ್ಲಬೇಕು. ಅದು ಹಾಕಿದ ಹಣ ಹಿಂದಿರುಗಲು ಒಂದಿಷ್ಟು ಕಾಲ ಬೇಕು. ಆದರೆ ಒಂದಿಷ್ಟು ಕಾಲಕ್ಕೂ ಎಂದೆಂದಿಗೂ ಎಂಬುದಕ್ಕೂ ವ್ಯತ್ಯಾಸವಿದೆ. ಒಪ್ಪಂದ ಮುಗಿಯುವಾಗ ಅದನ್ನು ಕಣ್ಣುಮುಚ್ಚಿ ನವೀಕರಿಸದೆ, ಎರಡನೆಯ ಸಂಸ್ಥೆಗೂ ಬಾಗಿಲು ತೆರೆಯಬೇಕು.

ಸೇವೆಯಲ್ಲಿ ಲೋಪವಾದಾಗ ಬಾಯಿಮಾತಿನ ಗೊಣಗಾಟದಿಂದ ಪ್ರಯೋಜನವಿಲ್ಲ. 2012ರಲ್ಲಿ ಟ್ರಾಯ್ ರೂಪಿಸಿದ ನಿಯಮಗಳ ಪ್ರಕಾರ ಪ್ರತಿ ಸೇವಾಸಂಸ್ಥೆಯೂ ದೂರು ಕೇಂದ್ರವನ್ನು ನಡೆಸಬೇಕು ಮತ್ತು ದಾಖಲಾದ ಪ್ರತಿ ದೂರಿಗೂ ಒಂದು ಸಂಖ್ಯೆಯನ್ನು ಕೊಡಬೇಕು. ಪರಿಹಾರ ದೊರೆಯದಿದ್ದರೆ ಆ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಸಂಪರ್ಕ ಯಾವ ದಿನ, ಎಷ್ಟು ಹೊತ್ತಿಗೆ ಕಡಿಯಿತು, ಯಾವಾಗ ಮರಳಿತು ಎಂದು ಪುಸ್ತಕದಲ್ಲಿ ಬರೆದಿಡುವ ಕೆಲಸವನ್ನು ಮನೆಯ ಮಕ್ಕಳೇ ಮಾಡಬಹುದು. ಹತ್ತು ಮನೆಗಳ ಇಂತಹ ಹತ್ತು ಪುಸ್ತಕಗಳು ಒಂದು ಕಡೆ ಸೇರಿದರೆ ಅವುಗಳ ಮಾತಿಗೆ ತೂಕ ಬರುತ್ತದೆ.

ಏಕಸ್ವಾಮ್ಯವೆಂಬುದು ಯಾವಾಗಲೂ ದುರಾಸೆಯಿಂದಲೇ ಹುಟ್ಟುವುದಿಲ್ಲ. ಕೆಲವೊಮ್ಮೆ ಅದು ಲೆಕ್ಕದಿಂದ ಹುಟ್ಟುತ್ತದೆ, ಕೆಲವೊಮ್ಮೆ ಒಪ್ಪಂದದಿಂದ, ಬಹಳ ಸಲ ನಮ್ಮ ಅಲಕ್ಷ್ಯದಿಂದ. ನಿವೇಶನದ ಅಳತೆ, ದಿಕ್ಕು, ಆಯಗಳನ್ನು ಎಷ್ಟೊಂದು ಕಾಳಜಿಯಿಂದ ವಿಚಾರಿಸುವ ನಾವು, ಆ ಮನೆಗೆ ಜಗತ್ತಿನ ಅರಿವು ಬರುವ ದಾರಿ ಯಾರ ಕೈಯಲ್ಲಿದೆ ಎಂದು ಕೇಳುವುದನ್ನು ಮರೆಯುತ್ತೇವೆ. ತಂತಿಯನ್ನು ಯಾರು ಬೇಕಾದರೂ ಎಳೆಯಲಿ, ಸೇವೆಯನ್ನು ಯಾರು ಬೇಕಾದರೂ ಮಾರಲಿ. ಅವು ಸಾಗುವ ದಾರಿ ಮಾತ್ರ ಊರಿನದಾಗಿರಬೇಕು. ಇಂದು ಈ ಪಾಠವನ್ನು ಓದುತ್ತಿರುವವರೇ ನಾಳೆ ನಗರಗಳ ನಕ್ಷೆ ಬರೆಯುವವರು, ಸಂಘಗಳ ಸಭೆಯಲ್ಲಿ ಕೈಯೆತ್ತುವವರು, ಒಪ್ಪಂದಗಳಿಗ ಸಹಿ ಹಾಕುವವರು. ನಕ್ಷೆಯಲ್ಲಿ ಆ ಒಂದು ಸಾಮಾನ್ಯ ಓಣಿಗೆ ಜಾಗ ಬಿಡುವ ಹೊಣೆ ಅವರದು.